ಬಾಯಿಗೆ ಹಾಲು, ಕೈಗೆ ಏನು?

ಬಾಣಂತನದಲ್ಲಿ ನನಗೆ ಎಲ್ಲರೂ ಹೇಳಿಕೊಟ್ಟಿದ್ದು ಕೂಸಿನ ಬಾಯಿಯ ಬಗ್ಗೆ. ಬಾಯಿ ಅಗಲ ತೆರೆಯುವ ತನಕ ಕಾಯಬೇಕು, ತೊಟ್ಟು ಮಾತ್ರ ಅಲ್ಲ ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಗದ್ದ ಎದೆಗೆ ತಾಗಿರಬೇಕು, ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ತೆಗೆಸಬೇಕು. ನರ್ಸ್ ಹೇಳಿದ್ದು ಇದನ್ನೇ, ಆಶಾ ಕಾರ್ಯಕರ್ತೆ ಹೇಳಿದ್ದೂ ಇದನ್ನೇ, ಯೂಟ್ಯೂಬಿನಲ್ಲಿ ಸಿಗುವುದೂ ಇದೇ. ಕೈಯ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ. ಕೂಸಿಗೆ ಎರಡು ಕೈ ಇರುತ್ತವೆ, ಬಾಯಿ ಹಾಲು ಕುಡಿಯುವಾಗ ಆ ಕೈಗಳಿಗೂ ಏನಾದರೂ ಕೆಲಸ ಬೇಕು ಅನ್ನುವುದು ತಿಳಿದಿದ್ದು ಕತ್ತಿನ ಮೇಲೆ ಗೀರು ಬಿದ್ದಾಗ.

ನನ್ನ ಮಗಳ ಕೈ ಮೊದಲು ಹಿಡಿದದ್ದು ಕೂದಲನ್ನು. ಆಮೇಲೆ ತಾಳಿ. ಆಮೇಲೆ ನೈಟಿಯ ಜಿಪ್ಪು. ಅದನ್ನು ಎಳೆದರೆ ಪರ್ರನೆ ಸದ್ದು ಬರುತ್ತದೆ ಅಂತ ಗೊತ್ತಾದ ಮೇಲೆ ಕುಡಿಯುವುದನ್ನೂ ಬಿಟ್ಟು ಅದೇ ಆಟ. ನನ್ನ ಕತ್ತಿನ ಎಡಗಡೆ ಒಂದು ಉಬ್ಬಿದ ಮಚ್ಚೆ ಇದೆ. ಅದು ಅವಳ ಕಣ್ಣಿಗೆ ಬಿದ್ದದ್ದೇ ತಡ, ದಿನಾ ಅದನ್ನು ಕೀಳಲು ನೋಡುವುದು. ಕಣ್ಣು ಅರ್ಧ ಮುಚ್ಚಿರುತ್ತವೆ, ಬಾಯಿ ಒಂದೇ ಸಮನೆ ಚೀಪುತ್ತಿರುತ್ತದೆ, ತೋರುಬೆರಳು ಮಾತ್ರ ಕತ್ತಿನ ಮೇಲೆ ತಡಕಾಡುತ್ತ ಬಂದು ಸರಿಯಾಗಿ ಮಚ್ಚೆಯ ಮೇಲೆ ನಿಲ್ಲುತ್ತದೆ. ಹೆಬ್ಬೆರಳೂ ಬಂದು ಸೇರಿಕೊಳ್ಳುತ್ತದೆ. ಅಲ್ಲಿಂದ ಚಿವುಟುವುದು ಶುರು. ಅದು ಬೇಜಾರಾದರೆ ನನ್ನ ಬಾಯೊಳಗೆ ನಾಲ್ಕು ಬೆರಳು. ಅದೂ ಸಾಕಾದರೆ ಮೂಗಿನ ಹೊಳ್ಳೆ. ಇವೆಲ್ಲ ಹೇಗೋ ನಡೆಯುತ್ತವೆ ಬಿಡಿ. ನನ್ನ ತಲೆ ಕೆಡಿಸಿದ್ದು ಇನ್ನೊಂದು. ಒಂದು ಕಡೆ ಕುಡಿಯುತ್ತ, ಇನ್ನೊಂದು ಕಡೆಯ ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುವುವುದು.

ಇದನ್ನು ಬರೆಯಬೇಕೋ ಬೇಡವೋ ಅಂತ ಸ್ವಲ್ಪ ಅಳುಕಿತ್ತು. ಆದರೆ ನಾನು ಕೇಳಿದ ತಾಯಂದಿರೆಲ್ಲ ಮೊದಲು ನಗುತ್ತಾರೆ. ಆಮೇಲೆ ಸುತ್ತಮುತ್ತ ಗಂಡಸರಿದ್ದಾರಾ ಅಂತ ನೋಡಿ, ದನಿ ತಗ್ಗಿಸಿ, "ನಮ್ದೂ ಹಂಗಾ ಮಾಡ್ತಿತ್ತು ಬೇ" ಅನ್ನುತ್ತಾರೆ. ಓಣಿಯ ಹೆಂಗಸರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಇದು.

ಹೇಳಿದವರಲ್ಲಿ ಎರಡು ಗುಂಪು. ನಮ್ಮ ಅತ್ತೆಯದು ಒಂದು. "ತಡ್ಕೋಬೇಕವಾ. ತಾಯಿ ಆದ ಮ್ಯಾಲ ಇಷ್ಟೂ ಇಲ್ಲಂದ್ರ ಹೆಂಗ? ಸಣ್ಣ ಕೂಸು, ಅದಕ್ಕೇನ್ ತಿಳಿತೈತಿ?" ಪಕ್ಕದ ಮನೆಯ ಅಕ್ಕನದು ಇನ್ನೊಂದು. "ಈಗ ಕೈ ಮ್ಯಾಲ ಒಂದ್ ಪೆಟ್ಟು ಕೊಡು. ಇಲ್ಲಾಂದ್ರ ಚಟಾ ಬೀಳ್ತೈತಿ, ನಾಳೆ ಸಾಲಿಗೆ ಹೋದ್ರೂ ಬಿಡಂಗಿಲ್ಲ." ನನಗೆ ಎರಡೂ ಸೇರಲಿಲ್ಲ. ಹಾಲು ಕುಡಿಸುವುದಕ್ಕೆ ನಾನು ಖುಷಿಯಿಂದಲೇ ಕೂರುತ್ತೇನೆ. ಆದರೆ ಹಾಲಿನ ಜೊತೆ ಮೈ ಗೀರಿಸಿಕೊಳ್ಳುವುದನ್ನೂ ಒಪ್ಪಿಕೊಂಡೇ ಇರಬೇಕು ಅಂತ ಎಲ್ಲಿದೆ? ಹಾಗಂತ ಕೂಸಿಗೆ ಹೊಡೆಯುವುದಾ? ಅದು ಮಾಡುತ್ತಿರುವುದು ತಂಟೆ ಅಲ್ಲ. ಹಾಲಿಗೆ ಹೂಂ ಅಂದು ಕೈಗೆ ಊಹೂಂ ಅನ್ನಬಹುದು, ಎರಡನ್ನೂ ಒಂದೇ ಹೊತ್ತಿಗೆ ಅನ್ನಬಹುದು ಅಂತ ನನ್ನ ಲೆಕ್ಕ. ಅದಕ್ಕೆ ಮೊದಲು ಆ ಕೈ ಏನು ಮಾಡುತ್ತಿದೆ ಅಂತ ತಿಳಿದುಕೊಳ್ಳಬೇಕು.

ಹುಟ್ಟಿದ ಕೂಸಿನ ಕೈ ಸುಮ್ನೆ ಆಡುವುದಿಲ್ಲ. ಹುಟ್ಟಿದ ಕೂಡಲೇ ಒರೆಸಿ ತಾಯಿಯ ಹೊಟ್ಟೆಯ ಮೇಲೆ ಬರೀ ಮೈಯಲ್ಲಿ ಮಲಗಿಸಿದರೆ, ಅದು ತಾನಾಗಿ ತೆವಳಿಕೊಂಡು ಹೋಗಿ ಎದೆ ಹುಡುಕಿ ಬಾಯಿ ಹಾಕುತ್ತದೆ. ಸ್ವೀಡನ್ನಿನವರು 1987ರಲ್ಲಿ ಇದನ್ನು ನೋಡಿ ಬರೆದಿಟ್ಟರು. ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಕುಡಿಸಲು ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದಲ್ಲ, ಆ ಹೊತ್ತಿನಲ್ಲಿ ಕೂಸು ಕೈಯಿಂದ ಎದೆ ಮುಟ್ಟುತ್ತದೆ, ಅದೇ ಕೈಯನ್ನು ಬಾಯಿಗೆ ಒಯ್ಯುತ್ತದೆ, ಮತ್ತೆ ಎದೆಗೆ ತರುತ್ತದೆ. 2001ರಲ್ಲಿ ಅದೇ ಸ್ವೀಡನ್ನಿನ ಸಂಶೋಧಕರು 10 ಕೂಸುಗಳ ಕೈಯಾಟವನ್ನು ವಿಡಿಯೋ ಮಾಡಿ, ಜೊತೆಗೇ ತಾಯಂದಿರ ರಕ್ತವನ್ನೂ ಪರೀಕ್ಷೆ ಮಾಡಿ ನೋಡಿದರು. ಕೂಸು ಕೈಯಿಂದ ಎದೆಯನ್ನು ಜಾಸ್ತಿ ಒತ್ತಿದ ಮೇಲೆ ತಾಯಿಯ ರಕ್ತದಲ್ಲಿ ಆಕ್ಸಿಟೋಸಿನ್ ಏರಿತ್ತು. ಹಾಲಿನ ಚೀಲಗಳ ಸುತ್ತಲಿನ ಸಣ್ಣ ಸ್ನಾಯುಗಳನ್ನು ಹಿಂಡಿ ಹಾಲು ಇಳಿಸುವ ಹಾರ್ಮೋನು ಅದೇ. ಅಂದರೆ ರೊಟ್ಟಿಗೆ ಹಿಟ್ಟು ನಾದಿದ ಹಾಗೆ ಆ ಪುಟ್ಟ ಕೈ ನಾದುತ್ತದಲ್ಲ, ಅದು ಹಾಲು ಕರೆಯುವ ಕೆಲಸ.

ಇದನ್ನು ಓದಿದ ಮೇಲೆ ಕೂಸಿನ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟೆ. ಗಂಗಾವತಿಯ ತವರುಮನೆಯಲ್ಲಿ ನಮ್ಮವ್ವ ಕೂಸಿಗೆ ಕುಂಚಿಗಿ ಕಟ್ಟಿ, ಕಾಲಿಗೆ ಸಾಕ್ಸು ಹಾಕಿ, ಕೈಗೂ ಚೀಲ ತೊಡಿಸಿ ಗಂಟು ಕಟ್ಟಿಯೇ ನನ್ನ ತೊಡೆಗೆ ಕೊಡುತ್ತಿದ್ದಳು. ಮುಖ ಪರಚಿಕೊಳ್ಳುತ್ತದೆ ಅಂತ. ಆದರೆ ಕುಡಿಸುವ ಹೊತ್ತಿಗೆ ಕೈ ಬರಿದಾಗಿದ್ದರೆ ಕೂಸಿಗೂ ದಾರಿ ಸಿಗುತ್ತದೆ. ಪರಚುವುದಕ್ಕೆ ಮದ್ದು ಉಗುರು ಕತ್ತರಿಸುವುದು. ಇದನ್ನು ಚೆನ್ನಾಗಿ ಹೇಳಿಕೊಟ್ಟವರು ಆಶಾ ಕಾರ್ಯಕರ್ತೆ. ಹೆರಿಗೆ ಆದ ಮೇಲೆ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅಂತ ನಿಯಮ ಇದೆ. ಒಮ್ಮೆ ಬಂದಾಗ ತಕ್ಕಡಿಯಲ್ಲಿ ಕೂಸನ್ನು ತೂಗಿ, ತಾಯಿ ಕಾರ್ಡಿನಲ್ಲಿ ಬರೆದು, ಹೊರಡುವಾಗ ನನ್ನ ಕತ್ತು ನೋಡಿದರು. "ಎದಿ ಕುಡ್ಕೊಂತ ನಿದ್ದಿ ಹತ್ತೈತಲ್ಲ ಅವಾಗ ತೆಗೀರಿ ಅಕ್ಕಾರ. ಮುಷ್ಟಿ ತಾನಾ ಬಿಡ್ತೈತಿ. ಬ್ಲೇಡ್ ಹಚ್ಚಬ್ಯಾಡ್ರಿ ಮತ್ತ." ಹೌದು, ಹೊಟ್ಟೆ ತುಂಬುತ್ತ ಬಂದ ಹಾಗೆ ಕೂಸಿನ ಮುಷ್ಟಿ ಸಡಿಲ ಆಗುತ್ತದೆ. ಹಸಿದಾಗ ಬಿಗಿ, ತುಂಬಿದಾಗ ಅಂಗೈ ತೆರೆದು ಬೀಳುತ್ತದೆ. ಬೆರಳ ತುದಿಯ ಚರ್ಮವನ್ನು ಹಿಂದಕ್ಕೆ ಒತ್ತಿ ಹಿಡಿದು, ಮಕ್ಕಳ ಉಗುರಿನ ಕತ್ತರಿಯಿಂದ ಕತ್ತರಿಸಿ, ಆಮೇಲೆ ಅಂಚನ್ನು ಉಜ್ಜಿ ನಯ ಮಾಡಬೇಕು. ಉಜ್ಜುವುದನ್ನು ಬಿಟ್ಟರೆ ಹೊಸದಾಗಿ ಕತ್ತರಿಸಿದ ಉಗುರು ಹಳೆಯದಕ್ಕಿಂತ ಜಾಸ್ತಿ ಗೀರುತ್ತದೆ. ವಾರಕ್ಕೊಮ್ಮೆ ಸಾಲದು, ಕೂಸಿನ ಉಗುರು ಬೇಗ ಬೆಳೆಯುತ್ತವೆ.

ಇನ್ನು ಹಿಡಿತದ ಮಾತು. ಅಂಗೈಗೆ ಏನು ತಾಗಿದರೂ ಮುಚ್ಚಿ ಹಿಡಿಯುವುದು ಹುಟ್ಟಿನಿಂದಲೇ ಬರುವ ಗುಣ. ಅದು ಕೂಸಿನ ಮನಸ್ಸಿನ ಕೆಲಸ ಅಲ್ಲ, ನರದ ಕೆಲಸ. ನಾಲ್ಕರಿಂದ ಆರು ತಿಂಗಳೊಳಗೆ ಅದು ಕರಗುತ್ತದೆ, ಅಷ್ಟರಲ್ಲಿ ಬೇಕೆಂದೇ ಕೈ ಚಾಚಿ ಹಿಡಿಯುವುದು ಬಂದಿರುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಸಣ್ಣ ಕಾಳು ಎತ್ತುವ ಜಾಣತನ ಬರುವುದು ಒಂಬತ್ತು ಹತ್ತು ತಿಂಗಳಿಗೆ. ನನ್ನ ಮಚ್ಚೆಯ ಕಷ್ಟ ಜೋರಾಗಿದ್ದೂ ಆಗಲೇ. ಆದರೆ ಬಹಳ ಜನ ಯೋಚಿಸದ ಒಂದು ಸಂಗತಿ ಇದೆ. ಹಿಡಿಯುವುದು ಮೊದಲು ಬರುತ್ತದೆ, ಬಿಡುವುದು ಆಮೇಲೆ. ಬೇಕೆಂದು ಬೆರಳು ತೆರೆದು ಕೈಯಲ್ಲಿದ್ದುದನ್ನು ಬಿಡುವುದು ಕೂಸಿಗೆ ಸರಿಯಾಗಿ ಬರಲು ವರ್ಷ ತುಂಬುತ್ತ ಬರಬೇಕು. ಐದು ತಿಂಗಳ ಕೂಸಿಗೆ "ಬಿಡು, ಕೂದ್ಲು ಬಿಡು" ಅಂತ ಕೂಗುತ್ತೇವೆ. ಪಾಪ, ಅದಕ್ಕೆ ಬಿಡುವುದು ಹೇಗೆ ಅಂತಲೇ ಗೊತ್ತಿಲ್ಲ! ನಾವು ಎಳೆದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮುಷ್ಟಿಯ ಹಿಂಭಾಗವನ್ನು ಮೆಲ್ಲಗೆ ಸವರಿ, ಕಿರುಬೆರಳಿನ ಕಡೆಯಿಂದ ಒಂದೊಂದೇ ಬೆರಳು ಬಿಡಿಸಿದರೆ ಸುಲಭವಾಗಿ ಬಿಡುತ್ತದೆ. ಹೆಬ್ಬೆರಳಿಂದ ಶುರು ಮಾಡಿದರೆ ಜಗಳ.

ಕೂದಲಿನದು ಇನ್ನೊಂದು ಕಥೆ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ತಾಯಿಯ ತಲೆಕೂದಲು ಉದುರಲು ಶುರುವಾಗುತ್ತದೆ. ಬಸುರಿಯಾಗಿದ್ದಾಗ ಉದುರದೆ ನಿಂತ ಕೂದಲೆಲ್ಲ ಹಾರ್ಮೋನು ಇಳಿದ ಮೇಲೆ ಒಟ್ಟಿಗೆ ಉದುರುತ್ತದೆ, ಆಮೇಲೆ ಬೆಳೆಯುತ್ತದೆ, ಗಾಬರಿ ಬೇಡ. ಕೂಸು ಕೈ ಚಾಚಿ ಹಿಡಿಯಲು ಕಲಿಯುವುದೂ ಸರಿಯಾಗಿ ಅದೇ ಹೊತ್ತಿಗೆ. ಒಮ್ಮೆ ಎಳೆದರೆ ಮುಷ್ಟಿ ತುಂಬ ಕೂದಲು. ನೋವು ಹೋಗಲಿ, ಇಲ್ಲಿ ನಿಜವಾಗಿಯೂ ಎಚ್ಚರ ಬೇಕು. ಉದುರಿದ ಒಂದು ಉದ್ದ ಕೂದಲು ಕೂಸಿನ ಬೆರಳಿಗೋ ಕಾಲ್ಬೆರಳಿಗೋ ಸುತ್ತಿಕೊಂಡು ಬಿಗಿದರೆ ರಕ್ತ ಓಡುವುದು ನಿಲ್ಲುತ್ತದೆ, ಬೆರಳು ಊದಿ ಕೆಂಪಗೆ ನೀಲಿಗೆ ತಿರುಗುತ್ತದೆ. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಆದರೂ ಕೂಸು ಅಳು ನಿಲ್ಲಿಸುತ್ತಿಲ್ಲ ಅಂದರೆ ಸಾಕ್ಸು ಬಿಚ್ಚಿ ಬೆರಳುಗಳ ಸಂದು ಸಂದು ನೋಡಿ. ಸುತ್ತಿದ ಕೂದಲು ಕೈಗೆ ಸಿಗದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ನಾನಂತೂ ಆ ತಿಂಗಳುಗಳಲ್ಲಿ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ತುರುಬು ಕಟ್ಟಿ, ಮೇಲೊಂದು ಬಟ್ಟೆ ಸುತ್ತಿ ಕೂರುತ್ತಿದ್ದೆ. ಬಾಣಂತಿಯರ ತಲೆಗೆ ಬಟ್ಟೆ ಕಟ್ಟುವುದು ಶೀತಕ್ಕೆ ಅನ್ನುತ್ತಾರೆ. ಕೊಪ್ಪಳದ ಏಪ್ರಿಲ್‌ನಲ್ಲಿ ಶೀತ ಎಲ್ಲಿಂದ ಬರಬೇಕು! ಇದೇ ಅದರ ನಿಜವಾದ ಉಪಯೋಗ ಅಂತ ನನ್ನ ಅನುಮಾನ.

ತಾಳಿಗೆ ಬರೋಣ. ನಮ್ಮ ಕಡೆ ತಾಳಿ ಸರ ಅಂದರೆ ಬರೀ ತಾಳಿ ಅಲ್ಲ. ಅದರಲ್ಲಿ ಪಿನ್ನು ಇರುತ್ತವೆ. ಸೀರೆಗೆ ಬೇಕಾಗುತ್ತದೆ ಅಂತ ಒಂದು, ಯಾರಿಗೋ ಕೊಡಲು ಒಂದು, ಯಾಕಿದೆ ಅಂತ ಗೊತ್ತಿಲ್ಲದ ಇನ್ನೆರಡು. ನನ್ನ ಸರದಲ್ಲೂ ಪಿನ್ನಿನ ಗೊಂಚಲೇ ಇತ್ತು. ಕೂಸು ಕುಡಿಯುತ್ತ ಸರ ಹಿಡಿದು ಬಾಯಿಗೆ ಎಳೆದುಕೊಳ್ಳುವಾಗ ನೋಡಿದೆ, ಒಂದು ಪಿನ್ನಿನ ಬಾಯಿ ತೆರೆದಿತ್ತು. ಅವತ್ತೇ ಎಲ್ಲ ಪಿನ್ನು ಬಿಚ್ಚಿ ಡಬ್ಬಿಗೆ ಹಾಕಿದೆ. ಕರಿಮಣಿಯದೂ ಅದೇ ಭಯ. ದಾರ ಹಳೆಯದಾಗಿ ಹರಿದರೆ ಮಣಿ ಕೂಸಿನ ಗಂಟಲಿಗೆ. ಆದರೆ ತಾಳಿ ತೆಗೆದಿಡುತ್ತೇನೆ ಅಂದರೆ ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಎರಡು ದಿನ ಮಾತಾಯಿತು. ಕೊನೆಗೆ ದಾರಿ ತೋರಿಸಿದ್ದು ಅತ್ತೆಯೇ. ಬಂಗಾರದ ಸರ, ಕರಿಮಣಿ ಎಲ್ಲ ಅಲ್ಮೇರಾಕ್ಕೆ. ಗಟ್ಟಿ ಅರಿಶಿನ ದಾರಕ್ಕೆ ಬರೀ ತಾಳಿ ಪೋಣಿಸಿ, ಬಿಗಿಯಾದ ಗಂಟು. ಕುಡಿಸುವ ಹೊತ್ತಿಗೆ ಅದನ್ನು ಬೆನ್ನ ಕಡೆ ಹಾಕಿಕೊಂಡರೆ ಕೂಸಿಗೂ ಕಾಣುವುದಿಲ್ಲ, ಶಾಸ್ತ್ರಕ್ಕೂ ಕುಂದಿಲ್ಲ. ಕೂಸಿನ ಕೈಯ ಬೆಳ್ಳಿ ಕಡಗವನ್ನೂ ಆಗಲೇ ಬಿಚ್ಚಿದ್ದು. ಅದರ ಬಾಯಿ ಕೂಡಿದ ಕಡೆ ನನ್ನ ಚರ್ಮ ಸಿಕ್ಕಿಕೊಳ್ಳುತ್ತಿತ್ತು. ಗೆಜ್ಜೆ ಇರುವ ಕಡಗವಾದರೆ ಗೆಜ್ಜೆ ಕಿತ್ತು ಬಾಯಿಗೆ ಹೋಗುವ ಚಿಂತೆ ಬೇರೆ.

ಕೈಗೆ ಬೇರೆ ಏನಾದರೂ ಕೊಡಬೇಕು ಅನ್ನುವುದು ಎಲ್ಲರಿಗೂ ಹೊಳೆಯುತ್ತದೆ. ಏನು ಕೊಡಬೇಕು ಅನ್ನುವುದೇ ಕಷ್ಟ. ಆನ್‌ಲೈನಿನಲ್ಲಿ ಇದಕ್ಕೆಂದೇ ಸಿಲಿಕೋನ್ ಮಣಿಯ ಸರ ಸಿಗುತ್ತದೆ, ತಾಯಿ ಕತ್ತಿಗೆ ಹಾಕಿಕೊಂಡು ಕೂರಬೇಕು. ತರಿಸಿದೆ. ನನ್ನ ಮಗಳಿಗೆ ಅದು ಮಾರನೇ ದಿನಕ್ಕೇ ಬೇಡವಾಯಿತು. ನಮ್ಮೂರ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆ ಮಾಡುತ್ತಾರೆ, ಹುಣಸೆಬೀಜದ ಅಂಟು ಹಾಕಿ, ಮೇಲೆ ಝಗಮಗ ಬಣ್ಣ. ನಮ್ಮವರು ಅಲ್ಲಿಂದ ಒಂದು ತಂದರು, ಚೆಂದ ಇತ್ತು. ಆದರೆ ಅದು ಶೋಕೇಸಿನ ಗೊಂಬೆ. ಹಾಲು ಕುಡಿಯುವ ಕೂಸಿನ ಕೈಗೆ ಏನು ಕೊಟ್ಟರೂ ಕೊನೆಗೆ ಬಾಯಿಗೇ ಹೋಗುವುದು, ಬಣ್ಣ ಬಳಿದದ್ದು ಬೇಡ. ಅಲ್ಲದೆ ಗಟ್ಟಿ ಸಾಮಾನು ಕೈಯಲ್ಲಿದ್ದರೆ ಅದೇ ನಮ್ಮ ಮೂಗಿಗೆ ಬಂದು ಬೀಳುತ್ತದೆ.

ಕೊನೆಗೆ ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ. ಶಕ್ತಿ ಯೋಜನೆ ಬಂದಾಗಿನಿಂದ ಕೊಪ್ಪಳ–ಗಂಗಾವತಿ ಬಸ್ಸಿನಲ್ಲಿ ಹೆಂಗಸರೇ ಜಾಸ್ತಿ, ಹಾಗಾಗಿ ಕುಡಿಸುವುದಕ್ಕೆ ಮೊದಲಿನಷ್ಟು ಮುಜುಗರ ಇಲ್ಲ. ಆದರೂ ಸೆರಗು ಹೊದಿಸಿಯೇ ಕುಡಿಸುವುದು ನಮ್ಮ ರೂಢಿ. ಬೇಸಿಗೆ, ಗಿಣಿಗೇರಿ ದಾಟಿದ್ದೆವು, ಕಿಟಕಿಯಿಂದ ಬೆಂಕಿಯಂಥ ಗಾಳಿ. ಮಗಳು ಸೆರಗನ್ನು ಎಳೆದು ಎಳೆದು ತೆಗೆಯುತ್ತಿದ್ದಳು, ನಾನು ಹೊದಿಸುತ್ತಿದ್ದೆ. ಹಿಂದಿನ ಸೀಟಿನಿಂದ ಒಬ್ಬರು "ನೀರಡಿಕಿ ಆಗೈತಿ, ಎರಡ್ ಹನಿ ನೀರ್ ಹಾಕ್ರಿ" ಅಂದರು. ಆಗ ಅವಳಿಗೆ ಆರು ತಿಂಗಳು ತುಂಬಿರಲಿಲ್ಲ. ಎದೆಹಾಲಿನಲ್ಲಿ ನೂರಕ್ಕೆ 87-88 ಪಾಲು ನೀರೇ ಇರುತ್ತದೆ, ಆರು ತಿಂಗಳ ತನಕ ಎಂಥ ಬಿಸಿಲಿಗೂ ಬೇರೆ ನೀರು ಬೇಡ. ಅದನ್ನೆಲ್ಲ ಬಸ್ಸಿನಲ್ಲಿ ಯಾರಿಗೆ ಹೇಳುವುದು? ಸುಮ್ನೆ ತಲೆಯಾಡಿಸಿದೆ.

ಪಕ್ಕದಲ್ಲಿ ಒಬ್ಬ ಲಂಬಾಣಿ ಹೆಂಗಸು ಕೂತಿದ್ದಳು. ವಯಸ್ಸಾದವಳು, ಅಂಚಿಗೆಲ್ಲ ಕನ್ನಡಿ, ಕವಡೆ ಹಚ್ಚಿದ ಹೊದಿಕೆ. ನನ್ನ ಜಟಾಪಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಏನೂ ಕೇಳದೆ ನನ್ನ ಸೆರಗಿನ ತುದಿ ಹಿಡಿದು, ಒಂದು ಸಣ್ಣ ಗಂಟು ಹಾಕಿ, ಆ ಗಂಟನ್ನು ಕೂಸಿನ ಮುಷ್ಟಿಯೊಳಗೆ ಇಟ್ಟಳು. "ಹೊದಿಸಬ್ಯಾಡ ತಂಗಿ, ಕೊಡು ಅದನ್ನ" ಅಂದಳು. ಅಷ್ಟೇ. ಕೂಸು ಗಂಟನ್ನು ಒತ್ತಿತು, ಹಿಸುಕಿತು, ಇನ್ನೊಂದು ಕೈಯೂ ಅಲ್ಲಿಗೇ ಬಂತು. ಎರಡೂ ಕೈ ಕೂಸಿನ ಎದೆಯ ಮೇಲೆ. ನನ್ನ ಕತ್ತು ಪಾರು. ಮೆತ್ತಗಿನದು, ಆದರೆ ಒಳಗೊಂದು ಗಟ್ಟಿ ಉಂಡೆ ಇರಬೇಕು. ಬೆರಳಿಗೆ ಬೇಕಾಗಿದ್ದು ಅದು. ಯೋಚಿಸಿದರೆ ಮಚ್ಚೆಯೂ ಅದೇ, ತೊಟ್ಟೂ ಅದೇ ಅಲ್ವಾ. ನಾನು "ನಿಮಗೆಷ್ಟು ಮಕ್ಳು ಆಯಿ?" ಅಂತ ಕೇಳುವಷ್ಟರಲ್ಲಿ ಅವಳ ಸ್ಟಾಪ್ ಬಂತು.

ಮನೆಗೆ ಬಂದು ಅತ್ತೆ ಹೊಲಿದ ಸಣ್ಣ ಕೌದಿಯ ಒಂದು ಮೂಲೆಗೆ ಗಂಟು ಹಾಕಿಸಿದೆ. ಹಳೇ ಸೀರೆಯ ತುಂಡುಗಳ ಕೌದಿ, ಎಷ್ಟು ಸಲ ಒಗೆದಿದ್ದೋ, ಮುಟ್ಟಿದರೆ ಬೆಣ್ಣೆ. ಉದ್ದ ದಾರ, ಬಿಚ್ಚಿದ ಹೊಲಿಗೆ ಇಲ್ಲದ ಹಾಗೆ ನೋಡಿಕೊಂಡೆ. ಇವತ್ತಿಗೂ ಅದಕ್ಕೆ ಅವಳು "ಗಂತ" ಅನ್ನುತ್ತಾಳೆ.

ಇನ್ನೊಂದು ಕಡೆಯ ತೊಟ್ಟಿನ ಮಾತು ಬಾಕಿ ಇದೆ. ಇದು ಸಾಮಾನ್ಯವಾಗಿ ಆರು ತಿಂಗಳ ಮೇಲೆ ಶುರುವಾಗಿ, ವರ್ಷ ದಾಟಿದ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. ಕೂಸಿನ ಕಡೆಯಿಂದ ನೋಡಿದರೆ ಇದಕ್ಕೂ ಅರ್ಥ ಇದೆ. ಆ ಕಡೆ ತಿರುವಿದರೂ ಆಕ್ಸಿಟೋಸಿನ್ ಬರುತ್ತದೆ, ಈ ಕಡೆ ಹಾಲು ಜೋರಾಗಿ ಇಳಿಯುತ್ತದೆ. ಆದರೆ ನನ್ನ ಕಡೆಯಿಂದ? ನೋವಿಗಿಂತ ಬೇರೆಯದೇ ಒಂದು ಕಿರಿಕಿರಿ. ಬೆನ್ನಹುರಿಯಿಂದ ಏರಿ ಬರುವ ಸಿಟ್ಟು. ಕೂಸನ್ನು ತಕ್ಷಣ ಕೆಳಗಿಟ್ಟು ಎದ್ದು ಹೋಗಬೇಕು ಅನ್ನಿಸುತ್ತದೆ. ಮುಟ್ಟು ಮತ್ತೆ ಶುರುವಾದ ಮೇಲೆ, ತಿಂಗಳ ಕೆಲವು ದಿನ ಇದು ಇನ್ನೂ ಜಾಸ್ತಿ. ಮತ್ತೆ ಬಸುರಿಯಾದವರಿಗೂ ಹೀಗೇ ಆಗುತ್ತದೆ. ಇದು ಪ್ರೀತಿ ಕಡಿಮೆ ಆದದ್ದಲ್ಲ, ಮೈ ಹೇಳುವ ಮಾತು. "ತಾಯಿ ಅಂದ್ರ ತಡ್ಕೋಬೇಕು" ಅನ್ನುವವರಿಗೆ ಈ ಸಿಟ್ಟು ಗೊತ್ತಿಲ್ಲ ಅಂತಲ್ಲ. ಅವರೂ ಹಲ್ಲು ಕಚ್ಚಿ ಕೂತವರೇ, ಹೇಳಲು ಯಾರೂ ಇರಲಿಲ್ಲ ಅಷ್ಟೇ.

ನಾನು ಮಾಡಿದ್ದು ಇಷ್ಟು. ಕುಡಿಸುವ ಕಡೆ ಮಾತ್ರ ತೆರೆಯುವುದು, ಇನ್ನೊಂದು ಕಡೆ ಭದ್ರ. ಜಿಪ್ಪಿನ ನೈಟಿ ಮೂಲೆಗೆ ಹೋಯಿತು, ಒಳಗೊಂದು ಬಿಗಿ ಬನಿಯನ್ ಬಂತು. ಕೈ ಆ ಕಡೆ ಹೊರಟಿತು ಅಂದರೆ ತಡೆಯುವುದು ದಾರಿಯಲ್ಲೇ, ತಲುಪಿದ ಮೇಲೆ ಅಲ್ಲ. ನನ್ನ ತೋರುಬೆರಳನ್ನು ಅವಳ ಅಂಗೈಗೆ ಕೊಟ್ಟು, ಮೆಲ್ಲಗೆ ಒತ್ತುತ್ತ ಕೂರುವುದು. ಮತ್ತೆ ಹೊರಟರೆ ಮತ್ತೆ ಹಾಗೇ. ಬೈಗುಳ ಇಲ್ಲ, ನಗುವೂ ಇಲ್ಲ. ನಕ್ಕರೆ ಆಟ ಅಂದುಕೊಳ್ಳುತ್ತಾರೆ. ತೀರ ಹಟ ಮಾಡಿದರೆ ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಹಿಡಿತ ಬಿಡಿಸಿ, "ಅವ್ವಗ ಉರೀತೈತಿ, ಆಮ್ಯಾಲ ಕುಡಿಯೋಣ" ಅಂದು ಸ್ವಲ್ಪ ಹೊತ್ತು ನಿಲ್ಲಿಸುವುದು. ಬಾಯಿಯಿಂದ ಹಾಗೇ ಎಳೆಯಬೇಡಿ, ತೊಟ್ಟು ಸೀಳುತ್ತದೆ. ಮೊದಮೊದಲು ಊರಿಗೆಲ್ಲ ಕೇಳುವಂತೆ ಅಳು. ಅತ್ತೆ ಅಡುಗೆಮನೆಯಿಂದ ಓಡಿ ಬರುವರು. "ಕುಡಿಸ್ತೀನ್ರಿ ಅತ್ತಿ, ಒಂದೀಟು ತಡೀರಿ" ಅಂತ ನಾನು. ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಕೈ ಅರ್ಧ ದಾರಿಗೆ ಬಂದು, ಅವಳು ನನ್ನ ಮುಖ ನೋಡಿ, ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡಳು. ಪೆಟ್ಟು ಕೊಟ್ಟಿದ್ದರೆ ಕೈ ಬೇಗ ಹಿಂದೆ ಹೋಗುತ್ತಿತ್ತೇನೋ. ಆದರೆ ನನ್ನ ಮುಖ ನೋಡುವುದನ್ನು ಕಲಿಯುತ್ತಿರಲಿಲ್ಲ.

ರಾತ್ರಿಯದು ಬೇರೆ. ನಡುರಾತ್ರಿ ನಿದ್ದೆಗಣ್ಣಲ್ಲಿ ಇಷ್ಟೆಲ್ಲ ನಿಯಮ ನಡೆಯುವುದಿಲ್ಲ. ರಾತ್ರಿ ಅವಳ ಕೈ ಮತ್ತು ನನ್ನ ಎದೆಯ ನಡುವೆ ಕೌದಿಯ ಮಡಿಕೆ ಇಟ್ಟು ಮಲಗುತ್ತೇನೆ. ಕೆಲವು ರಾತ್ರಿ ಅದೂ ಸೋಲುತ್ತದೆ. ಆಗ ಕುಡಿಸಿ ಮುಗಿಸಿ ಅವಳನ್ನು ಅಪ್ಪನ ಪಕ್ಕಕ್ಕೆ ದಾಟಿಸುವುದು. ಎದೆಗೂದಲಿಗೆ ಕೈ ಹಾಕಿ ಅವರನ್ನು ಎಬ್ಬಿಸುತ್ತಾಳೆ, ಎಬ್ಬಿಸಲಿ. ಬೆಳಗ್ಗೆ ನನ್ನ ಕಷ್ಟ ಹೇಳುವ ಅಗತ್ಯ ಇರುವುದಿಲ್ಲ.

ಡಾಕ್ಟರಿಗೆ ತೋರಿಸಬೇಕಾದದ್ದೂ ಇರುತ್ತದೆ. ಗೀರು ಬಿದ್ದ ಕಡೆ ಎದೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ, ಜ್ವರ ಬಂದರೆ ಅದು ಬರೀ ಗೀರಲ್ಲ. ಸೋಂಕಿರಬಹುದು, ಬೇಗ ತೋರಿಸಿ. ಆಗಲೂ ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ ಅನ್ನುವುದೇ ಸಾಮಾನ್ಯ ಸಲಹೆ. ಮಚ್ಚೆ ಪದೇ ಪದೇ ಕಿತ್ತು ರಕ್ತ ಬಂದರೆ, ಬಣ್ಣ ಆಕಾರ ಬದಲಾದರೆ ಚರ್ಮದ ಡಾಕ್ಟರು ಒಮ್ಮೆ ನೋಡಲಿ. ಮಚ್ಚೆಗೆ ಪ್ಲಾಸ್ಟರ್ ಹಚ್ಚುವ ಉಪಾಯ ಮಾತ್ರ ಬೇಡ. ಅದನ್ನೂ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಈಗ ಅವಳಿಗೆ ಒಂದೂವರೆ ವರ್ಷ. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೆ ತಿನ್ನುತ್ತಾಳೆ, ಎದೆಹಾಲೂ ಇದೆ. ಎರಡು ವರ್ಷ ಮತ್ತು ಅದರ ಮೇಲೂ ಕುಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವುದರಿಂದ ನನಗೆ ಅವಸರ ಇಲ್ಲ. ಮಧ್ಯಾಹ್ನದ ನಿದ್ದೆ ಮಾತ್ರ ಅತ್ತೆಯ ಪಕ್ಕ. ಅಲ್ಲಿ ಹಾಲು ಇಲ್ಲ, ಆದರೆ ಕೈಗೆ ಕೆಲಸ ಬೇಕಲ್ಲ. ಅತ್ತೆಯ ಕಿವಿ ಸಿಕ್ಕಿದೆ. ಕಿವಿಯ ಹಾಲೆಯನ್ನು ಮಡಚುವುದು, ಬಿಡುವುದು, ಬೆಂಡೋಲೆಯ ತಿರುಪು ತಿರುವುವುದು. ಒಂದು ವಾರದಿಂದ ಅತ್ತೆ ಮಧ್ಯಾಹ್ನ ಬೆಂಡೋಲೆ ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕಿ ಮಲಗುತ್ತಿದ್ದಾರೆ. ಮೊನ್ನೆ ಪಡಸಾಲೆಯಿಂದ ಕೂಗಿದರು. "ಏನ್ ಬೇ ನಿನ್ ಮಗಳು, ಕಿವೀನಾ ಕಿತ್ತಾಕತ್ಯಾಳ!"

"ಕೈ ತೆಗೆದು ಗಂತ ಕೊಡ್ರಿ ಅತ್ತಿ" ಅಂತ ಒಳಗಿಂದಲೇ ಹೇಳಿ, ನಾನು ಮಗ್ಗುಲಾದೆ.